ಗೋಳಗುಮ್ಮಟದಲ್ಲಿ ಕೂಗಿ ಗಂಟಲು ಒಣಗಿತು, ನೀರೆಲ್ಲಿ?

ನಮಸ್ಕಾರ! ಗೋಳಗುಮ್ಮಟದ ಕಥೆ ನಿಮಗೆ ಗೊತ್ತೇ ಇದೆ. 1656, ಮೊಹಮ್ಮದ್ ಆದಿಲ್‌ಶಾಹ್, ಸುಮಾರು 44 ಮೀಟರ್ ಅಗಲದ ಗುಮ್ಮಟ. ಒಂದು ಸಲ ಕೂಗಿದರೆ ಏಳು ಸಲ ವಾಪಸ್. ಶಾಲೆ ಟ್ರಿಪ್‌ಗೆ ಬಂದು ಎಲ್ಲರೂ ಕೂಗಿದವರೇ, ಅಲ್ವಾ? ಮೊನ್ನೆ ನಾನೂ ಕೂಗಿದೆ. ಗಂಟಲು ಒಣಗಿತು. ಕೆಳಗಿಳಿದು ನೀರಿನ ಬಾಟಲಿ ಕೊಳ್ಳುವಾಗ ತಲೆಗೆ ಹೊಳೆಯಿತು: ವಿಜಯಪುರದ ಪಕ್ಕ ಒಂದು ದೊಡ್ಡ ಹೊಳೆಯೂ ಇಲ್ಲ. ಆದಿಲ್‌ಶಾಹಿ ಸುಲ್ತಾನರ ಅಂಥ ರಾಜಧಾನಿ ಏನು ಕುಡಿಯುತ್ತಿತ್ತು?

(ದೃಶ್ಯ: ತೊರವಿ ರಸ್ತೆ, ಬೈಕ್ ಮೇಲಿಂದ)

ಪಶ್ಚಿಮಕ್ಕೆ ತೊರವಿ. ಅಲ್ಲಿ ನೆಲದೊಳಗೆ ಸುರಂಗ ಕೊರೆದು, ನಡುನಡುವೆ ಬಾವಿಯಂಥ ಕಿಂಡಿ ಬಿಟ್ಟು, ಬರೀ ಇಳಿಜಾರಿನಲ್ಲೇ ನೀರು ಊರಿಗೆ ತಂದರು. ಇದು ಕರೇಜ್, ಇರಾನ್ ಕಡೆಯ ವಿದ್ಯೆ. ದಕ್ಷಿಣಕ್ಕೆ 1651ರ ಬೇಗಂ ತಲಾಬ್, ಅಂದ್ರೆ ಕೆರೆ. ಅಲ್ಲಿಂದ ಮಣ್ಣಿನ ಪೈಪುಗಳು.

ಈಗ ನನಗೆ ಹುಚ್ಚು ಹಿಡಿಸಿದ ಸಂಗತಿ. ಹಳೆ ಓಣಿಗಳ ನಡುವೆ ಕಲ್ಲಿನ ದಪ್ಪ ಗೋಪುರಗಳು ನಿಂತಿವೆ. ಹೆಸರು ಗಂಜ್. ಕಾವಲು ಗೋಪುರ ಅಂತ ನಾನೂ ಸುಮ್ನೆ ದಾಟಿ ಹೋಗಿದ್ದೆ. ಅಲ್ಲ, ಅವು ನೀರಿನ ಗೋಪುರಗಳು! ಮನೆಯ ನಳಕ್ಕೆ ನೀರು ಬರುವಾಗ ಮೊದಲು ಬುಸ್ ಅಂತ ಗಾಳಿ, ಆಮೇಲೆ ಕೆಂಪು ನೀರು, ಕೆಲವೊಮ್ಮೆ ಪೈಪೇ ಕಿತ್ತುಬರುವಷ್ಟು ರಭಸ. ಆ ಕಾಟ ಆಗಲೂ ಇತ್ತು. ಅದಕ್ಕೇ ದಾರಿಯಲ್ಲಿ ನೀರನ್ನು ಗಂಜ್ ಒಳಗೆ ಮೇಲೇರಲು ಬಿಟ್ಟರು. ಏರುವಾಗ ರಭಸ ತಗ್ಗುತ್ತದೆ, ಹೂಳು ತಳಕ್ಕೆ ಕೂರುತ್ತದೆ, ಮಣ್ಣಿನ ಪೈಪು ಒಡೆಯುವುದಿಲ್ಲ. ಪಂಪ್ ಇಲ್ಲ, ಕರೆಂಟ್ ಬಿಲ್ ಇಲ್ಲ. ನಮ್ಮ ಓಣಿಯ ಟ್ಯಾಂಕರ್‌ನವರು ಇದನ್ನು ನೋಡಬಾರದು.

ಟೈಮ್ ಮುಗಿಯುತ್ತಿದೆ, ಉಳಿದದ್ದು ಬೇಗ ಬೇಗ. ಬಾವಡಿ ಅಂದ್ರೆ ಮೆಟ್ಟಿಲ ಬಾವಿ. ಚಾಂದ್ ಬಾವಡಿ, 1579, ಒಂದನೇ ಅಲಿ ಆದಿಲ್‌ಶಾಹ್ ಕಟ್ಟಿಸಿದ್ದು. ತಾಜ್ ಬಾವಡಿ, 1620. ಎರಡು ಎಂಟು ಮೂಲೆಯ ಗೋಪುರಗಳ ನಡುವಿನ ದೊಡ್ಡ ಕಮಾನು ದಾಟಿ ಮೆಟ್ಟಿಲಿಳಿದರೆ ಹೊರಗಿನ ಬಿಸಿಲು ಮರೆತೇ ಹೋಗುತ್ತದೆ. ವರ್ಷಗಟ್ಟಲೆ ಕಸ ತುಂಬಿದ್ದ ಬಾವಿ ಅದು, ಆಮೇಲೆ ಹೂಳೆತ್ತಿದರು. ಆಸಾರ್ ಮಹಲ್ ಮುಂದಿನ ಕೊಳವನ್ನೂ ಬಿಡಬೇಡಿ. ಎಲ್ಲದಕ್ಕೂ ಒಂದು ಟಾಂಗಾ ಸಾಕು, ರೇಟು ಮೊದಲೇ ಮಾತಾಡಿಕೊಳ್ಳಿ.

ಮುಂದಿನ ವಿಡಿಯೋ ತೊರವಿ ಸುರಂಗದಿಂದ. ಟಾರ್ಚ್ ಚಾರ್ಜಿಗೆ ಹಾಕಿದ್ದೇನೆ.