ಬೆಲೆ ಇಳಿದ ಕಾರು, ಬೆಲೆ ಇಳಿಯದ ಸ್ಪೇರು

ನಮಸ್ಕಾರ ಕೇಳುಗರೇ.

ಭಾನುವಾರ ಬೆಳಿಗ್ಗೆ ಐದೂವರೆಗೆ ನಮ್ಮ ಚಿಕ್ಕಬಳ್ಳಾಪುರದ ಹೈವೇ ಪಕ್ಕ ನಿಂತು ನೋಡಿ. ಇನ್ನೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ. ಹೂವಿನ ಮೂಟೆ ತುಂಬಿದ ಟೆಂಪೋಗಳು ಮಾರ್ಕೆಟ್ ಕಡೆ ಹೊರಟಿರುತ್ತವೆ. ಅದೇ ಹೊತ್ತಿಗೆ ಬೆಂಗಳೂರು ಕಡೆಯಿಂದ ಸ್ಪೋರ್ಟ್ಸ್ ಕಾರುಗಳು ಬರಲು ಶುರು. ಕೆಲವು ನಂದಿ ಕ್ರಾಸ್‌ನಲ್ಲೇ ತಿರುಗಿ ಬೆಟ್ಟದ ದಾರಿ ಹಿಡಿಯುತ್ತವೆ. ಉಳಿದವು ಬಾಗೇಪಲ್ಲಿ ದಾಟಿ ಲೇಪಾಕ್ಷಿವರೆಗೂ ಹೋಗಿ, ತಿಂಡಿ ಮುಗಿಸಿಕೊಂಡು ವಾಪಸ್ ಬರುತ್ತವೆ.

ಈ ರಸ್ತೆ ಪಕ್ಕದಲ್ಲೇ ನನ್ನ ಗ್ಯಾರೇಜು. 22 ವರ್ಷ ಆಯಿತು. ಕಣ್ಣು ಮುಚ್ಚಿಕೊಂಡು ನಿಂತರೂ ಯಾವ ಕಾರು ಹೋಯಿತು ಅಂತ ಹೇಳಬಲ್ಲೆ. ಪೋರ್ಷೆ 911 ಬಂದರೆ ಗೊತ್ತಾಗಿಬಿಡುತ್ತದೆ. ಅದರ ಇಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಇರುತ್ತದೆ. ಹಾಗಾಗಿ ಕಾರು ನಮ್ಮನ್ನು ದಾಟಿ ಹೋದ ಮೇಲೇ ಪೂರ್ತಿ ಸದ್ದು ಕೇಳುವುದು. ಮಸ್ಟಾಂಗ್‌ನ ಎಂಟು ಸಿಲಿಂಡರ್ ದೂರದ ಗುಡುಗಿನ ಹಾಗೆ ಮೊದಲೇ ಕೇಳಿಸುತ್ತದೆ. ಇವತ್ತಿಗೂ ಆ ಸದ್ದು ಕೇಳಿದರೆ ನಾನು ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟು ಹೊರಗೆ ಬರುತ್ತೇನೆ. ಇಂಥ ಕಾರು ಬೇಕು ಅಂತ ಯಾರಾದರೂ ಆಸೆಪಟ್ಟರೆ ಅದನ್ನು ನಾನು ಖಂಡಿತ ತಪ್ಪು ಅನ್ನುವುದಿಲ್ಲ.

ಹೋದ ವರ್ಷ ಒಬ್ಬ ಹುಡುಗ ಬಂದ. ಗುಲಾಬಿ, ದ್ರಾಕ್ಷಿ ಬೆಳೆಯುವ ಮನೆಯವನು. ಜೊತೆಗೆ ಅವನ ಅಪ್ಪ. ಹುಡುಗನ ಮೊಬೈಲ್‌ನಲ್ಲಿ ಒಂದು ಕಾರಿನ ಫೋಟೋ. ಜರ್ಮನಿಯ ಕಾರು, ಎರಡೇ ಸೀಟು, ಮೇಲಿನ ಚಾವಣಿ ಬಟನ್ ಒತ್ತಿದರೆ ಮಡಚಿಕೊಳ್ಳುತ್ತದೆ. ಹೊಸದಿದ್ದಾಗ 70 ಲಕ್ಷ ದಾಟಿತ್ತು. ಈಗ 22 ಲಕ್ಷಕ್ಕೆ ಕೊಡುತ್ತಾರಂತೆ.

"ಅಣ್ಣ, ಇದಕ್ಕಿಂತ ಅಗ್ಗಕ್ಕೆ ಎಲ್ಲಿ ಸಿಗುತ್ತೆ ಹೇಳಿ" ಅಂದ.

ಅವನ ಹತ್ತಿರ 25 ಲಕ್ಷ ಇತ್ತು. ಆರೇಳು ವರ್ಷ ಕೂಡಿಟ್ಟ ದುಡ್ಡು. ನಾನು ಉತ್ತರ ಕೊಡುವ ಮೊದಲೇ ಅವರಪ್ಪ ಕೇಳಿದರು.

"ಕೊಳ್ಳೋ ರೇಟು ಇರಲಿ. ಇದನ್ನ ಮೇಯಿಸೋಕೆ ವರ್ಷಕ್ಕೆ ಎಷ್ಟಾಗುತ್ತಪ್ಪಾ?"

ಆ ಯಜಮಾನರು ಘಾಟಿ ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡಿದವರು. ಎತ್ತಿನ ಬೆಲೆ ಒಂದು ದಿನದ ಮಾತು, ಮೇವು ದಿನಾ ಹಾಕಬೇಕು ಅನ್ನುವುದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಇವತ್ತು ನಿಮ್ಮ ಜೊತೆ ಮಾತಾಡಬೇಕು ಅಂದುಕೊಂಡಿದ್ದೂ ಅವರ ಆ ಪ್ರಶ್ನೆಯ ಬಗ್ಗೆಯೇ.

ನೋಡಿ, ಕಾರಿನ ಬೆಲೆ 70ರಿಂದ 22ಕ್ಕೆ ಇಳಿದಿದೆ. ಅದರ ಬ್ರೇಕ್ ಡಿಸ್ಕ್‌ನ ಬೆಲೆ ಇಳಿದಿಲ್ಲ. ಶಾಕ್ ಅಬ್ಸಾರ್ಬರ್, ಹೆಡ್‌ಲೈಟ್, ಆ ಚಾವಣಿ ಎತ್ತುವ ಹೈಡ್ರಾಲಿಕ್ ಪಂಪು, ಯಾವುದರ ಬೆಲೆಯೂ ಇಳಿದಿಲ್ಲ. ಅವೆಲ್ಲ ಇವತ್ತಿಗೂ 70 ಲಕ್ಷದ ಕಾರಿನ ಸ್ಪೇರುಗಳೇ. ಕೊಂಡವನು 22 ಲಕ್ಷದ ಕಾರು ಕೊಂಡೆ ಅಂದುಕೊಂಡಿರುತ್ತಾನೆ. ಮೊದಲ ಬಿಲ್ಲು ಬಂದಾಗ ಎದೆ ಧಸಕ್ ಅನ್ನುತ್ತದೆ. ಅದಕ್ಕೇ ನಾನು ಯಾರಿಗೇ ಆಗಲಿ ಒಂದು ಮಾತು ಹೇಳುತ್ತೇನೆ. ಕಾರಿನ ಬೆಲೆ ಕೇಳುವ ಮೊದಲು ಐದು ಸ್ಪೇರುಗಳ ಬೆಲೆ ಕೇಳಿಕೊಂಡು ಬನ್ನಿ. ಕ್ಲಚ್, ಮುಂದಿನ ಬ್ರೇಕ್, ಒಂದು ಶಾಕ್ ಅಬ್ಸಾರ್ಬರ್, ಒಂದು ಹೆಡ್‌ಲೈಟ್, ನಾಲ್ಕು ಟೈರು. ಜೊತೆಗೆ ಅವು ಎಷ್ಟು ದಿನಕ್ಕೆ ಬರುತ್ತವೆ ಅಂತಲೂ ಕೇಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇವತ್ತೇ ಸಿಗುವ ಸ್ಪೇರು ಬೇರೆ, ಹೊರದೇಶದಿಂದ ಬರಬೇಕಾದ ಸ್ಪೇರು ಬೇರೆ.

ನಂಬಿಕಸ್ತ ಕಾರು ಅಂದರೆ ಕೆಡದ ಕಾರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಯಂತ್ರ ಅಂದ ಮೇಲೆ ಕೆಟ್ಟೇ ಕೆಡುತ್ತದೆ ಅಲ್ವಾ? ಕೆಟ್ಟಾಗ ಎಷ್ಟು ದೂರದಲ್ಲಿ ರಿಪೇರಿ ಮಾಡುವ ಕೈ ಇದೆ, ಎಷ್ಟು ದಿನದಲ್ಲಿ ಸ್ಪೇರು ಸಿಗುತ್ತದೆ, ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಂಗಳೂರಿನಲ್ಲಿ ನಂಬಬಹುದಾದ ಕಾರು ಗೌರಿಬಿದನೂರಿನಲ್ಲಿ ನಂಬಲು ಆಗದ ಕಾರು ಆಗಬಹುದು. ಕಾರು ಅದೇ. ಊರು ಬದಲಾಯಿತು, ಅಷ್ಟೇ.

ಇದನ್ನು ನಾನು ಓದಿ ಕಲಿತಿದ್ದಲ್ಲ. 2016ರಲ್ಲಿ ನಾನೇ ಒಂದು ಕಾರು ತಗೊಂಡೆ. ಬೆಂಗಳೂರಿನ ಒಂದು ಸೆಕೆಂಡ್ ಹ್ಯಾಂಡ್ ಶೋರೂಮಿನಲ್ಲಿ. ವೇಗದ ಕಾರು, ಸಿಂಗಲ್ ಓನರ್, ಥಳಥಳ ಹೊಳೆಯುತ್ತಿತ್ತು. ಎರಡು ಕ್ಲಚ್ ಇರುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಒಂದು ಕ್ಲಚ್ ಒಂದು, ಮೂರು, ಐದನೇ ಗೇರುಗಳಿಗೆ, ಇನ್ನೊಂದು ಎರಡು, ನಾಲ್ಕು, ಆರಕ್ಕೆ. ಒಂದು ಗೇರಿನಲ್ಲಿ ಓಡುತ್ತಿರುವಾಗಲೇ ಮುಂದಿನದು ಸಿದ್ಧವಾಗಿರುತ್ತದೆ. ಹಾಗಾಗಿ ಗೇರು ಬದಲಾದದ್ದೇ ಗೊತ್ತಾಗುವುದಿಲ್ಲ. ಬಹಳ ಚೆಂದದ ಯೋಚನೆ. ಆದರೆ ಅದರ ಕ್ಲಚ್‌ಗಳು ಆಯಿಲ್‌ನಲ್ಲಿ ಮುಳುಗಿರದ ಒಣ ಕ್ಲಚ್‌ಗಳು. ಟ್ರಾಫಿಕ್‌ನಲ್ಲಿ ಇಂಚಿಂಚು ಮುಂದೆ ಹೋಗುವಾಗ ಕ್ಲಚ್ ಅರ್ಧ ಹಿಡಿದುಕೊಂಡೇ ಇರುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ. ಮೂರೇ ತಿಂಗಳಿಗೆ ಹೆಬ್ಬಾಳದಲ್ಲಿ ಕಾರು ನಿಂತುಬಿಟ್ಟಿತು. ಸ್ಪೇರು ಬರಲು ನಲವತ್ತು ದಿನ ಕಾಯ್ದೆ. ಶೋರೂಮಿನವರು ಮಾರುವಾಗ ಕೊಟ್ಟ ಮಾತನ್ನು ಆಮೇಲೆ ನೆನಪಿಟ್ಟುಕೊಳ್ಳಲಿಲ್ಲ.

ಆ ನಲವತ್ತು ದಿನಗಳಲ್ಲಿ ಒಂದು ವಿಷಯ ತಿಳಿದುಕೊಂಡೆ. ಮಾರುವ ಮೊದಲು ಸ್ಕ್ಯಾನರ್ ಹಾಕಿ ಕಾರಿನ ಕಂಪ್ಯೂಟರ್‌ನಲ್ಲಿ ಇದ್ದ ದೋಷಗಳ ದಾಖಲೆ ಅಳಿಸಬಹುದು. ಎರಡು ನಿಮಿಷದ ಕೆಲಸ. ಡ್ಯಾಶ್‌ಬೋರ್ಡ್‌ನಲ್ಲಿ ಉರಿಯುತ್ತಿದ್ದ ಇಂಜಿನ್ ಲೈಟು ಆರಿಹೋಗುತ್ತದೆ. ಆದರೆ ಅಳಿಸಿದ ಗುರುತು ಉಳಿಯುತ್ತದೆ. ಆಕ್ಸಿಜನ್ ಸೆನ್ಸರ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇವನ್ನೆಲ್ಲ ಕಂಪ್ಯೂಟರ್ ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿರುತ್ತದೆ. ದಾಖಲೆ ಅಳಿಸಿದರೆ ಆ ಪರೀಕ್ಷೆಗಳೂ ಮೊದಲಿನಿಂದ ಶುರುವಾಗಬೇಕು. ಕಾರು ಸ್ವಲ್ಪ ಓಡಿದ ಮೇಲೇ ಅವು ಮುಗಿಯುವುದು. ನೀವು ನೋಡಲು ಹೋದ ದಿನ ಆ ಪರೀಕ್ಷೆಗಳು ಬಾಕಿ ಇವೆ ಅಂತ ಸ್ಕ್ಯಾನರ್ ತೋರಿಸಿದರೆ, ಬ್ಯಾಟರಿ ಬಿಚ್ಚಿ ಹಾಕಿರಬಹುದು, ಇಲ್ಲವೇ ಯಾರೋ ಏನೋ ಅಳಿಸಿದ್ದಾರೆ. ನಗುನಗುತ್ತಲೇ ಕೇಳಿ, "ಏನು ಸಾರ್, ಮೊನ್ನೆ ಬ್ಯಾಟರಿ ಬದಲಿಸಿದ್ರಾ?" ಅಂತ. ಬದಲಿಸಿದ್ದರೆ ಬಿಲ್ಲು ಇರುತ್ತದೆ.

ಹುಡುಗನ ಕಾರು ನೋಡಲು ಮೂವರೂ ಬೆಂಗಳೂರಿಗೆ ಹೋದೆವು. ನಾವು ಬರುತ್ತೇವೆ ಅಂತ ಮೊದಲೇ ಹೇಳಿದ್ದೆವು. ನಾನು ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಚೈನಿನ ಸದ್ದು, ಟ್ಯಾಪೆಟ್ ಸದ್ದು, ಸೈಲೆನ್ಸರ್‌ನ ನೀಲಿ ಹೊಗೆ ಎಲ್ಲ ಬಯಲಾಗುತ್ತದೆ. ಬಿಸಿಯಾದರೆ ಬಹಳಷ್ಟು ಮುಚ್ಚಿಹೋಗುತ್ತದೆ. ಯಜಮಾನರು ಅಷ್ಟರಲ್ಲಿ ಕಾರಿನ ಸುತ್ತ ಒಂದು ಸುತ್ತು ಬಂದು ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ಎತ್ತಿನ ಗೊರಸು ನೋಡಿದ ಹಾಗೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2316 ಅಂದರೆ 2016ರ 23ನೇ ವಾರ ತಯಾರಾದ ಟೈರು. ನಾನು ಅವರಿಗೆ ಅದನ್ನು ಓದುವುದು ಹೇಳಿಕೊಟ್ಟೆ. ನಾಲ್ಕಕ್ಕೆ ನಾಲ್ಕೂ ಹಳೆಯವು. ಸವೆದಿರಲಿಲ್ಲ, ಆದರೆ ರಬ್ಬರ್ ಗಟ್ಟಿಯಾಗಿ ಸಣ್ಣ ಸಣ್ಣ ಬಿರುಕು ಬಿಟ್ಟಿತ್ತು. ಸ್ಕ್ಯಾನರ್ ಹಾಕಿದೆ. ಪರೀಕ್ಷೆಗಳು ಬಾಕಿ. ಬ್ಯಾಟರಿ ಬಿಲ್ಲು ಇಲ್ಲ.

ದಾರಿಯುದ್ದಕ್ಕೂ ಹುಡುಗ ಮಾತಾಡಲಿಲ್ಲ. ಅವನ ಸಂಕಟ ನನಗೆ ಅರ್ಥವಾಗುತ್ತಿತ್ತು.

ದೇವನಹಳ್ಳಿ ದಾಟಿದ ಮೇಲೆ ಟೀ ಕುಡಿಯಲು ನಿಲ್ಲಿಸಿದೆವು. ಆಗ ಅವನಿಗೆ ಎರಡು ಕಾರುಗಳ ಕಥೆ ಹೇಳಿದೆ. ಒಂದು ಪೋರ್ಷೆಯದೇ. 1990ರ ದಶಕದ ಕೊನೆಯಲ್ಲಿ ಬಾಕ್ಸ್‌ಸ್ಟರ್ ಬಂತು, ಅದರ ಹಿಂದೆಯೇ ನೀರಿನಿಂದ ತಣಿಯುವ ಮೊದಲ 911 ಬಂತು. ಅವುಗಳ ಇಂಜಿನ್ ಒಳಗೆ ಇಂಟರ್‌ಮೀಡಿಯೆಟ್ ಶಾಫ್ಟ್ ಅಂತ ತಿರುಗುವ ದಂಡ ಒಂದಿದೆ. ಅದಕ್ಕೆ ಒಂದು ಸಣ್ಣ ಬೇರಿಂಗು. ಹೆಚ್ಚಿನ ಕಾರುಗಳಲ್ಲಿ ಅದು ಸುಮ್ನೆ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಕೆಲವದರಲ್ಲಿ ಪುಡಿಯಾಗಿ ಇಡೀ ಇಂಜಿನ್ನನ್ನೇ ಹಾಳು ಮಾಡುತ್ತದೆ. ಈ ಭಯಕ್ಕೇ ಹೊರದೇಶಗಳಲ್ಲಿ ಆ ಕಾಲದ 911ಗಳ ಬೆಲೆ ಉಳಿದ 911ಗಳಿಗಿಂತ ಕೆಳಗಿತ್ತು. ಆದರೆ ತಿಳಿದವರು ಏನು ಮಾಡಿದರು? ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಹೇಗೂ ಇಳಿಸಬೇಕು. ಅದೇ ಹೊತ್ತಿಗೆ ಬೇರಿಂಗನ್ನೂ ಬದಲಿಸಿದರು. ಆಯಿಲ್ ಬದಲಿಸುವಾಗಲೆಲ್ಲ ಫಿಲ್ಟರ್ ಕತ್ತರಿಸಿ ಲೋಹದ ಚೂರು ಇದೆಯಾ ಅಂತ ನೋಡಿದರು. ಅಂಥವರಿಗೆ ನಿಜವಾದ 911 ಕಡಿಮೆ ದುಡ್ಡಿಗೆ ಸಿಕ್ಕಿತು. ದೋಷ ಏನು ಅಂತ ಗೊತ್ತಿರುವ ಕಾರಿಗೆ ನಾನು ಹೆದರುವುದಿಲ್ಲ. ಏನು ಮುಚ್ಚಿಟ್ಟಿದ್ದಾರೋ ಗೊತ್ತಿಲ್ಲದ ಕಾರಿಗೆ ಹೆದರುತ್ತೇನೆ.

ಇನ್ನೊಂದು ಮಾಜ್ದಾ ಎಂಎಕ್ಸ್-5. ಇಲ್ಲಿ ಮಾರಾಟಕ್ಕೆ ಬರಲೇ ಇಲ್ಲ, ನನಗೆ ಬಹಳ ಬೇಜಾರು. 1989ರಲ್ಲಿ ಬಂತು. 1.6 ಲೀಟರ್ ಇಂಜಿನ್, ಅದೂ ಅದೇ ಕಂಪನಿಯ ಮನೆಮಂದಿ ಓಡಾಡುವ ಕಾರಿನ ಇಂಜಿನ್ನನ್ನೇ ತಿದ್ದಿ ಕೂರಿಸಿದ್ದು. ತೂಕ 1,000 ಕೆ.ಜಿ. ಒಳಗೆ. ತೂಕ ಕಡಿಮೆಯಾದರೆ ಬ್ರೇಕಿಗೆ, ಟೈರಿಗೆ, ಕ್ಲಚ್ಚಿಗೆ ಎಲ್ಲಕ್ಕೂ ಕೆಲಸ ಕಡಿಮೆ. ಸಾಮಾನ್ಯ ಇಂಜಿನ್ ಆದ್ದರಿಂದ ಯಾವ ಮೆಕ್ಯಾನಿಕ್‌ಗಾದರೂ ಕೈ ಹಾಕಲು ಧೈರ್ಯ. 2016ರ ಹೊತ್ತಿಗೆ ಹತ್ತು ಲಕ್ಷ ಕಾರು ತಯಾರಾಗಿದ್ದವು. ಚಾವಣಿ ತೆರೆಯುವ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಅಷ್ಟು ಮಾರಾಟವಾದದ್ದು ಬೇರೆ ಇಲ್ಲ. ತಿರುವಿನಲ್ಲಿ ಸಿಗುವ ಖುಷಿಗೆ ದೊಡ್ಡ ಇಂಜಿನ್ನೇ ಬೇಕು ಅಂತೇನಿಲ್ಲ. ನಂದಿ ಬೆಟ್ಟದ ತಿರುವುಗಳಲ್ಲಿ 400 ಕುದುರೆ ಶಕ್ತಿ ಇಟ್ಟುಕೊಂಡು ಏನು ಮಾಡುತ್ತೀರಿ?

ನಮ್ಮಲ್ಲೂ ಅಂಥ ಪ್ರಯತ್ನ ನಡೆದಿತ್ತು. 2015ರಲ್ಲಿ ಫಿಯೆಟ್‌ನವರು ಅಬಾರ್ತ್ ಪುಂಟೊ ತಂದರು. 1.4 ಲೀಟರ್ ಟರ್ಬೊ, 145 ಕುದುರೆ ಶಕ್ತಿ, ಶೋರೂಮ್ ಬೆಲೆ 10 ಲಕ್ಷದ ಒಳಗೆ! ಆ ಬೆಲೆಗೆ ಅಂಥ ಕಾರು ಮತ್ತೆ ಬಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. 2019ರ ಹೊತ್ತಿಗೆ ಫಿಯೆಟ್ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಇವತ್ತು ಅದು ಕಡಿಮೆಗೆ ಸಿಕ್ಕರೆ, ಆ ಕಡಿಮೆಗೆ ಕಾರಣ ಇಂಜಿನ್ ಅಲ್ಲ, ಬಾಗಿಲು ಹಾಕಿದ ಅಂಗಡಿ.

ತೆರಿಗೆ, ಇನ್ಶೂರೆನ್ಸ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ರಾಜ್ಯದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಲೈಫ್ ಟ್ಯಾಕ್ಸ್ ನೂರಕ್ಕೆ 18, ಅದರ ಮೇಲೆ ಸೆಸ್. 50 ಲಕ್ಷದ ಕಾರಿಗೆ ಟ್ಯಾಕ್ಸೇ 9 ಲಕ್ಷ. ಮಾರುವಾಗ ಆ ದುಡ್ಡನ್ನು ಯಾರೂ ಎಣಿಸಿ ಕೊಡುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಲಾಭ ಇರುವುದು ಇಲ್ಲೇ. ಆದರೆ ದೆಹಲಿಯಲ್ಲೋ ಪುದುಚೇರಿಯಲ್ಲೋ ಅಗ್ಗ ಅಂತ ತಂದರೆ ಇಲ್ಲಿ ಟ್ಯಾಕ್ಸ್ ಕಟ್ಟಬೇಕು, ಆ ಲಾಭ ಅಲ್ಲೇ ಕರಗುತ್ತದೆ. ನಮ್ಮ ಚಿಕ್ಕಬಳ್ಳಾಪುರದ ಕೆಎ 40 ನಂಬರ್ ಹಾಕಿಸುವಷ್ಟರಲ್ಲಿ ಸುಸ್ತಾದವರನ್ನು ನೋಡಿದ್ದೇನೆ. ಸಾಲ ಇದ್ದ ಕಾರಾದರೆ, ಸಾಲ ತೀರಿದೆ ಅಂತ ಬ್ಯಾಂಕಿನವರು ಕೊಡುವ ಎನ್‌ಒಸಿ ಪತ್ರ ಕೈಗೆ ಬರದೆ ದುಡ್ಡು ಕೊಡಬೇಡಿ. ಇನ್ನು ಇನ್ಶೂರೆನ್ಸು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಸ್ಪೇರುಗಳಿಗೆ ಅರ್ಧ ದುಡ್ಡು ಮಾತ್ರ ಬರುತ್ತದೆ. ಸ್ಪೋರ್ಟ್ಸ್ ಕಾರಿನ ಬಂಪರೆಲ್ಲ ಪ್ಲಾಸ್ಟಿಕ್ಕೇ. ಇಂಜಿನ್ನಿಗೆ ನೀರು ನುಗ್ಗಿ ಕೆಟ್ಟರೆ ಬೇರೆ ಕವರ್ ತಗೊಂಡಿರದಿದ್ದರೆ ಏನೂ ಬರುವುದಿಲ್ಲ. ಇಂಥ ಕಾರು ನೆಲಕ್ಕೆ ಎಷ್ಟು ಹತ್ತಿರ ಇರುತ್ತದೆ ಅಂತ ನಿಮಗೇ ಗೊತ್ತು.

ನೆಲದ ಮಾತು ಬಂತಲ್ಲ, ನಿಮ್ಮ ಮನೆಯಿಂದ ಹೈವೇವರೆಗೆ ಎಷ್ಟು ಹಂಪ್ ಇವೆ ಅಂತ ಎಣಿಸಿ. ಆ ಹುಡುಗನ ತೋಟದಿಂದ ಡಾಂಬರು ರಸ್ತೆಗೆ ಏಳು. ಎರಡರಲ್ಲಿ ತಳ ಉಜ್ಜುವುದು ಖಾತ್ರಿ. ಅವನು ಟೇಪು ಹಿಡಿದು ಅಳೆದುಕೊಂಡು ಬಂದ. ಆಗಲೇ ನನಗೆ ಅನಿಸಿತು, ಇವನು ಸರಿಯಾದ ಕಾರನ್ನೇ ಕೊಳ್ಳುತ್ತಾನೆ ಅಂತ.

ಎಂಟು ತಿಂಗಳು ಕಾದ. ಅದೇ ಮಾಡೆಲ್ಲು, ಇನ್ನೊಂದು ಕಾರು ಸಿಕ್ಕಿತು. 21 ಲಕ್ಷ ಹೇಳಿದರು. ಮೊದಲಿನ ಕಾರಿಗಿಂತ ಎರಡು ವರ್ಷ ಹಳೆಯದು, 30,000 ಕಿ.ಮೀ. ಜಾಸ್ತಿ ಓಡಿತ್ತು, ಬಾಗಿಲ ಮೇಲೆ ಗೀರು. ಮೇಲುನೋಟಕ್ಕೆ ದುಬಾರಿಯೇ. ಆದರೆ ಮಾಲೀಕರು ಒಂದು ದಪ್ಪ ಫೈಲು ತಂದಿಟ್ಟರು. ಮೊದಲ ದಿನದಿಂದ ಪ್ರತಿ ಬಿಲ್ಲು. ಗೇರ್‌ಬಾಕ್ಸ್ ಆಯಿಲ್ ಬದಲಿಸಿದ್ದು, ಚಾವಣಿಯ ಪಂಪು ಬದಲಿಸಿದ್ದು, ಹೊಸ ಟೈರು ಹಾಕಿಸಿದ್ದು. ನಾವು ಹೋದಾಗ ಬಾನೆಟ್ ತಣ್ಣಗಿತ್ತು. "ನೀವೇ ಸ್ಟಾರ್ಟ್ ಮಾಡಿ" ಅಂತ ಕೀಲಿ ಕೊಟ್ಟರು. ಸ್ಕ್ಯಾನರ್‌ನಲ್ಲಿ ಎಲ್ಲ ಪರೀಕ್ಷೆಗಳೂ ಮುಗಿದಿದ್ದವು. ನಾನು ಯಜಮಾನರ ಮುಖ ನೋಡಿದೆ. ಅವರು ಮಗನಿಗೆ, "ಜಾಸ್ತಿ ಎಳೆದಾಡಬೇಡ, ಕೊಡು" ಅಂದರು.

ಕೈಲಿದ್ದ 25ರಲ್ಲಿ 21 ಕೊಟ್ಟು, ಉಳಿದ 4 ಲಕ್ಷವನ್ನು ಕಾರಿನ ಹೆಸರಲ್ಲೇ ಬ್ಯಾಂಕಿನಲ್ಲಿ ಬೇರೆ ಇಟ್ಟಿದ್ದಾನೆ. ಆ ಏಳು ಹಂಪ್‌ಗಳಲ್ಲಿ ಎರಡಕ್ಕೆ ಪಂಚಾಯಿತಿಯಲ್ಲಿ ಅರ್ಜಿ ಕೊಟ್ಟು ಇಳಿಜಾರು ಸರಿ ಮಾಡಿಸಿದ. ಹೂವು ಮಾರ್ಕೆಟ್‌ಗೆ ಕಳಿಸಿದ ಮೇಲೆ ಭಾನುವಾರ ಬೆಟ್ಟದ ಕಡೆ ಹೊರಡುತ್ತಾನೆ. ಕೆಲವೊಮ್ಮೆ ಪಕ್ಕದ ಸೀಟಿನಲ್ಲಿ ಅವರಪ್ಪ, ತಲೆಗೆ ಟವೆಲ್ ಬಿಗಿದು ಕಟ್ಟಿಕೊಂಡು, ಚಾವಣಿ ತೆಗೆಸಿಕೊಂಡು ಕೂತಿರುತ್ತಾರೆ. ನನ್ನ ಗ್ಯಾರೇಜಿನ ಮುಂದೆ ಬಂದಾಗ ಹುಡುಗ ಒಂದು ಗೇರು ಕಡಿಮೆ ಮಾಡುತ್ತಾನೆ, ನನಗೆ ಸದ್ದು ಕೇಳಲಿ ಅಂತ.

ಬರುವ ಸೋಮವಾರ ಕಾರು ನನ್ನ ಹತ್ತಿರ ಬರುತ್ತದೆ. ಬ್ರೇಕ್ ಆಯಿಲ್ ಬದಲಿಸಬೇಕು. ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕಾದದ್ದು. ಫೈಲಿನಲ್ಲಿ ಹಿಂದಿನ ಮಾಲೀಕರು ತಾರೀಕು ಬರೆದಿಟ್ಟಿದ್ದಾರೆ.

ನಮಸ್ಕಾರ.