"ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ" ಅಂತ ಮಾತು ಕೊಡೋ ಮುಂಚೆ ಈ ವಿಡಿಯೋ ನೋಡಿ | ಗ್ರೂಪ್ ಕೌನ್ಸೆಲಿಂಗ್ ನಡೆಸೋರಿಗೆ

ನಮಸ್ಕಾರ ಎಲ್ರಿಗೂ. ಯಾವ್ದೇ ಗ್ರೂಪ್ ಕೌನ್ಸೆಲಿಂಗ್‌ಗೆ ಹೋಗಿ, ಮೊದಲ ಐದು ನಿಮಿಷದಲ್ಲಿ ಒಂದು ಡೈಲಾಗ್ ಬಂದೇ ಬರುತ್ತೆ, "ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ, ಧೈರ್ಯವಾಗಿ ಮಾತಾಡಿ" ಅಂತ. ಕೇಳಕ್ಕೆ ಚೆನ್ನಾಗಿದೆ. ಆದ್ರೆ ಗುಂಪು ನಡೆಸೋರು ಈ ಮಾತು ಕೊಡಕ್ಕೆ ಬರಲ್ಲ, ಯಾಕಂದ್ರೆ ನನ್ನ ಬಾಯಿಗೆ ನಾನು ಜವಾಬ್ದಾರಿ ತಗೋಬಹುದು, ಸುತ್ತ ಕೂತಿರೋ ಎಂಟು ಜನದ ಬಾಯಿಗೆ ಯಾರು ತಗೋತಾರೆ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದ್ಯಲ್ಲ, ಅದರ 23ನೇ ಸೆಕ್ಷನ್ ಗುಟ್ಟು ಕಾಪಾಡೋ ಹೊಣೆ ಹಾಕಿರೋದು ಚಿಕಿತ್ಸೆ ಕೊಡೋ ಹೆಲ್ತ್ ಪ್ರೊಫೆಷನಲ್ ಮೇಲೆ. ಗುಂಪಿಗೆ ಬಂದು ಕೂತಿರೋ ಇನ್ನೊಬ್ಬ ಸದಸ್ಯನ ಮೇಲೆ ಅಲ್ಲ. ಅವ್ರು ಹೊರಗೆ ಹೋಗಿ ಬಾಯಿ ಬಿಟ್ರೆ ನೀವು ಗುಂಪಿಂದ ತೆಗೀಬಹುದು, ಅಷ್ಟೇ. ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್‌ನ 2014ರ ನೀತಿಸಂಹಿತೆ ಕೂಡ ಗ್ಯಾರಂಟಿ ಕೊಡಿ ಅನ್ನಲ್ಲ, ಈ ಗುಂಪಲ್ಲಿ ಗುಟ್ಟು ಎಷ್ಟು ಮುಖ್ಯ, ಅದರ ಮಿತಿ ಎಲ್ಲಿವರೆಗೆ ಅಂತ ಬಿಡಿಸಿ ಹೇಳಿ ಅನ್ನುತ್ತೆ.

ಈಗ ನಮ್ಮ ಕೊಡಗಿಗೆ ಬನ್ನಿ. ಬೆಂಗಳೂರಲ್ಲಿ ಹೆಸರು ಮುಚ್ಚಿಟ್ರೆ ಮುಗೀತು, ಇಲ್ಲಿ ಹಾಗಲ್ಲ. "ಸುಂಟಿಕೊಪ್ಪ ಕಡೆಯೋರು, ಅಣ್ಣತಮ್ಮಂದ್ರ ತೋಟದ ಪಾಲಿನ ಕೇಸ್ ಕೋರ್ಟಲ್ಲಿದೆ, ಮಗಳು ಹೊರದೇಶದಲ್ಲಿ ನರ್ಸು" ಅಂತ ಇಷ್ಟು ಅಂದ್ರೆ ಸಾಕು, ಎದುರಿಗಿರೋರು ಮನೆತನದ ಹೆಸರು, ಮನೆಗೆ ಹೋಗೋ ದಾರಿ ಎರಡೂ ಹೇಳ್ಬಿಡ್ತಾರೆ. ಹೊಸಬ್ರು ಸಿಕ್ಕಿದ್ರೆ ಯಾವ ಒಕ್ಕ, ಅಂದ್ರೆ ಯಾವ ಮನೆತನ, ತಾಯಿ ಮನೆ ಯಾವ್ದು ಅಂತ ಕೇಳೋದೇ ನಮ್ಮಲ್ಲಿ ಮಾತು ಶುರು ಮಾಡೋ ರೀತಿ. ಹಾಗಾಗಿ ಇಲ್ಲಿ ಗುಂಪು ನಡೆಸೋರು ಹೆಸರಿಗಿಂತ ವಿವರಗಳ ಮೇಲೆ ಕಣ್ಣಿಡ್ಬೇಕು.

ನಾನು ಹೇಳೋದು ಏನಂದ್ರೆ ಮೊದಲ ದಿನವೇ ನೇರವಾಗಿ ಮಾತಾಡಿ. "ನೋಡಿ, ನಾನು ಹೊರಗೆ ಹೇಳಲ್ಲ, ಕಾನೂನು ಹೇಳ್ಲೇಬೇಕು ಅನ್ನೋ ಕೆಲವು ವಿಷ್ಯ ಬಿಟ್ಟು, ಅವು ಯಾವುವು ಅಂತ ಈಗ್ಲೇ ಹೇಳ್ತೀನಿ. ಉಳಿದೋರು ಹೇಳಲ್ಲ ಅಂತ ನಾವೆಲ್ಲ ಒಪ್ಪಂದ ಮಾಡ್ಕೊಳೋಣ, ಆದ್ರೆ ಅದಕ್ಕೆ ನಾನು ಗ್ಯಾರಂಟಿ ಅಲ್ಲ. ಅದನ್ನ ಮನಸ್ಸಲ್ಲಿಟ್ಕೊಂಡು ಎಷ್ಟು ಹೇಳ್ಬೇಕು ಅಂತ ನೀವೇ ತೀರ್ಮಾನ ಮಾಡಿ." ಹೀಗಂದ್ರೆ ಜನ ಬಾಯಿ ಮುಚ್ಕೊಂಡು ಕೂತುಬಿಡ್ತಾರೆ ಅಂತ ಕೆಲವ್ರಿಗೆ ಭಯ. ಕೂತ್ರೆ ಕೂರ್ಲಿ ಬಿಡಿ, ಸುಳ್ಳು ಧೈರ್ಯದಲ್ಲಿ ಮಾತಾಡ್ಸಿ ಆಮೇಲೆ ಊರಲ್ಲಿ ತಲೆ ಎತ್ತಕ್ಕಾಗ್ದೇ ಇರೋ ಹಾಗೆ ಮಾಡೋದಕ್ಕಿಂತ ಅದು ವಾಸಿ.

ಇನ್ನೂ ಸಣ್ಣಸಣ್ಣ ವಿಷ್ಯಗಳಿವೆ, ಯಾರೂ ತಲೆ ಕೆಡಿಸ್ಕೊಳಲ್ಲ. ಶುಕ್ರವಾರ ಮಡಿಕೇರಿ ಸಂತೇಲಿ ಎದುರಾದ್ರೆ ಮಾತಾಡಿಸ್ಬೇಕಾ, ಪಕ್ಕದಲ್ಲಿ ಅತ್ತೆ ಇದ್ರೆ ಇವ್ರು ಹೇಗೆ ಪರಿಚಯ ಅಂತ ಏನು ಹೇಳೋದು, ಇದನ್ನ ಗುಂಪಲ್ಲೇ ಮೊದಲು ಮಾತಾಡ್ಕೊಳ್ಳಿ. ವಾಟ್ಸಾಪ್ ಗ್ರೂಪ್ ಮಾಡ್ಲೇಬೇಡಿ, ಎಲ್ರ ನಂಬರ್ ಎಲ್ರಿಗೂ ಸಿಗುತ್ತೆ, ಒಬ್ರು ಸ್ಕ್ರೀನ್‌ಶಾಟ್ ತೆಗೆದ್ರೆ ಕಥೆ ಮುಗೀತು, ಮೀಟಿಂಗ್ ಟೈಮ್ ತಿಳಿಸ್ಬೇಕಾದ್ರೆ ಒಬ್ಬೊಬ್ರಿಗೇ ಮೆಸೇಜ್ ಹಾಕಿ. ಹಾಜರಿ ಪುಸ್ತಕ ಕೈಯಿಂದ ಕೈಗೆ ಕಳಿಸ್ಬೇಡಿ. ಆಮೇಲೆ ಫೋಟೋ! ಬ್ಯಾನರ್ ಮುಂದೆ ಎಲ್ರನ್ನೂ ಸಾಲಾಗಿ ನಿಲ್ಲಿಸಿ, ಬ್ಯಾನರ್ ಮೇಲೆ ಮದ್ಯವ್ಯಸನಿಗಳ ಸಭೆ ಅಂತ ದಪ್ಪಕ್ಷರ, ಅದನ್ನೇ ಸ್ಟೇಟಸ್ ಹಾಕೋದು, ರಿಪೋರ್ಟ್‌ಗೆ ಬೇಕು ಅನ್ನೋದು. ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಚಿಕಿತ್ಸೆ ತಗೋತಿರೋರ ಫೋಟೋ ಅವ್ರ ಒಪ್ಪಿಗೆ ಇಲ್ದೆ ಮೀಡಿಯಾಗೆ ಕೊಡೋ ಹಾಗಿಲ್ಲ ಅಂತ ಅದೇ ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತೆ. ನಮ್ದು ಆಸ್ಪತ್ರೆ ಅಲ್ಲ, ಸಮುದಾಯ ಭವನ, ನಮಗೆ ಅನ್ವಯ ಆಗಲ್ಲ ಅಂತ ಜಾರ್ಕೋಬೇಡಿ, ಖಾಲಿ ಕುರ್ಚಿಗಳ ಫೋಟೋ ತೆಗೆದು ರಿಪೋರ್ಟ್‌ಗೆ ಹಾಕಿ ಸಾಕು.

[ಸ್ಕ್ರೀನ್ ಮೇಲೆ: ಯಾರನ್ನ ಯಾರ ಜೊತೆ ಕೂರಿಸ್ತೀರ?]

ಗುಂಪಿಗೆ ಸೇರಿಸ್ಕೊಳೋ ಮುಂಚೆ ಒಬ್ಬೊಬ್ರನ್ನೇ ಕೂರಿಸ್ಕೊಂಡು ಮಾತಾಡೋದು ನಿಮ್ಮ ಕರ್ತವ್ಯ. ಒಂದೇ ಎಸ್ಟೇಟ್‌ನ ಲೆಕ್ಕ ಬರೆಯೋ ರೈಟರ್‌ನೂ ಲೈನ್ ಮನೇಲಿರೋ ತೋಟದ ಕೆಲಸದವ್ರನ್ನೂ ಒಂದೇ ವೃತ್ತದಲ್ಲಿ ಕೂರಿಸಿದ್ರೆ ಕೆಲಸದವ್ರು ಏನು ಮಾತಾಡ್ತಾರೆ ಹೇಳಿ? ನಾಳೆ ಅವ್ರ ಹಾಜರಿ ಹಾಕೋದು ಆ ರೈಟರೇ. ಗಂಡ ಹೆಂಡ್ತಿ, ಬೀಗರು, ಪಾಲಿನ ಜಗಳದ ಎರಡು ಕಡೆಯೋರು, ಇದೆಲ್ಲ ಮೊದಲೇ ವಿಚಾರಿಸ್ಬೇಕು. ನಿಮ್ಗೇ ಸಂಬಂಧ ಆಗ್ಬೇಕಾದೋರು ಬಂದ್ರೆ ಇನ್ನೊಬ್ರ ಹತ್ರ ಕಳಿಸಿ. ಇಷ್ಟು ಚಿಕ್ಕ ಜಿಲ್ಲೇಲಿ ಅದು ಯಾವಾಗ್ಲೂ ಆಗಲ್ಲ, ಗೊತ್ತು, ಆಗ್ದಿದ್ರೆ ಆ ಸಂಬಂಧ ಇದೆ ಅಂತ ಬಾಯಿಬಿಟ್ಟು ಹೇಳಿ ಮುಂದುವರೀರಿ, ಮುಚ್ಚಿಡ್ಬೇಡಿ.

ಒಪ್ಪಿಗೆ ವಿಷ್ಯ. ತೋಟದ ಮಾಲೀಕ್ರು "ಕುಡಿತ ಬಿಡಿಸೋ ಗುಂಪಿಗೆ ಹೋಗು, ಇಲ್ಲಾಂದ್ರೆ ಕೆಲಸಕ್ಕೆ ಬರ್ಬೇಡ" ಅಂತ ಕಳಿಸಿದ್ರೆ ಅದು ಒಪ್ಪಿಗೆ ಅಲ್ಲ, ಆ ಮನುಷ್ಯ ಹೆಬ್ಬೆಟ್ಟು ಒತ್ತಿದ್ರೂ ಅಲ್ಲ. ಅವರ ಜೊತೆ ಕೂತು, ಬಾರದೇ ಇದ್ರೆ ಏನಾಗುತ್ತೆ, ಮಾಲೀಕ್ರಿಗೆ ನಾನು ಏನು ಹೇಳ್ತೀನಿ ಏನು ಹೇಳಲ್ಲ ಅಂತ ಬಿಡಿಸಿ ಹೇಳ್ಬೇಕು, ಅದೂ ಅವ್ರ ಭಾಷೇಲಿ. ಕೊಡವ ತಕ್ಕ್, ಅರೆಭಾಷೆ, ಎರವ, ಮಲಯಾಳಂ ಇದೆ, ಈಗ ತೋಟಗಳಲ್ಲಿ ಅಸ್ಸಾಮಿಂದ ಬಂದೋರೂ ಇದ್ದಾರೆ, ಅವ್ರ ಕೈಗೆ ಇಂಗ್ಲಿಷ್ ಫಾರ್ಮ್ ಕೊಟ್ಟು ಸೈನ್ ಹಾಕಿಸ್ಕೊಂಡ್ರೆ ಆ ಕಾಗದದಿಂದ ನಿಮ್ಗೆ ಸಮಾಧಾನ ಸಿಗ್ಬಹುದು, ಅವ್ರಿಗೆ ಏನೂ ಸಿಗಲ್ಲ. ಮಧ್ಯದಲ್ಲಿ ಎದ್ದು ಹೋಗೋ ಹಕ್ಕಿದೆ ಅನ್ನೋದನ್ನೂ ಹೇಳಿ.

ಈಗ ಬಾಯಿ ಬಿಡ್ಲೇಬೇಕಾದ ವಿಷ್ಯಕ್ಕೆ ಬರ್ತೀನಿ, ಇದು ಸ್ವಲ್ಪ ಗಮನ ಕೊಟ್ಟು ಕೇಳಿ.

ಮೊದ್ಲು ಮಕ್ಕಳು. ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ 2012ರ ಪೋಕ್ಸೋ ಕಾಯ್ದೆ, 19ನೇ ಸೆಕ್ಷನ್. ಹದಿನೆಂಟು ತುಂಬದ ಮಗು ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ, ಆಗ್ಬಹುದು ಅನ್ನೋ ಆತಂಕ ಇದ್ರೂನೂ, ಪೊಲೀಸ್‌ಗೆ ತಿಳಿಸ್ಲೇಬೇಕು. ಕೌನ್ಸೆಲರ್‌ಗೆ ರಿಯಾಯಿತಿ ಇಲ್ಲ. ತಿಳಿಸ್ದೇ ಇದ್ರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ. ಒಳ್ಳೇ ಉದ್ದೇಶದಿಂದ ತಿಳಿಸಿದ್ರೆ ನಿಮ್ಮ ಮೇಲೆ ಕೇಸ್ ಬರಲ್ಲ. ಹದಿನೇಳರ ಹುಡುಗ ಹುಡುಗಿ ಇಷ್ಟಪಟ್ಟು ಓಡಾಡಿ ದೈಹಿಕ ಸಂಬಂಧ ಆಗಿದ್ರೂ ಕಾನೂನಿನ ಕಣ್ಣಲ್ಲಿ ಅದೇ, ನಂಗೆ ವೈಯಕ್ತಿಕವಾಗಿ ಇದು ಸರಿ ಅನ್ಸಲ್ಲ, ಆದ್ರೆ ನನಗೆ ಸರಿ ಅನ್ಸಲ್ಲ ಅಂತ ಕಾಯ್ದೆ ಬದಲಾಗಲ್ಲ. ಹಾಸ್ಟೆಲ್ ಮಕ್ಕಳ ಗುಂಪು ಮಾಡೋರು ಇದನ್ನ ಮೊದಲ ದಿನ ಮಕ್ಕಳಿಗೇ ಹೇಳಿ. ಆಮೇಲೆ ಒಂದು ಮಗು ಗುಂಪಿನ ಮಧ್ಯದಲ್ಲಿ "ಮಿಸ್, ನಮ್ಮ ಮಾವ..." ಅಂತ ಶುರು ಮಾಡಿದ್ರೆ ಪೂರ್ತಿ ಹೇಳಕ್ಕೆ ಬಿಡ್ಬೇಡಿ, "ನೀನು ಹೇಳಿದ್ದು ಒಳ್ಳೇದಾಯ್ತು ಪುಟ್ಟಾ, ಇದನ್ನ ನಾವಿಬ್ರೇ ಕೂತು ಮಾತಾಡೋಣ" ಅಂತ ಪಕ್ಕಕ್ಕೆ ಕರ್ಕೊಳ್ಳಿ, ಉಳಿದ ಹನ್ನೆರಡು ಮಕ್ಕಳ ಕಿವಿಗೆ ಬಿದ್ರೆ ಸಂಜೆಗೆ ಇಡೀ ಹಾಸ್ಟೆಲ್‌ಗೆ ಗೊತ್ತಿರುತ್ತೆ.

ದೊಡ್ಡ ಹೆಂಗಸ್ರು ಮನೇಲಿ ಹೊಡೀತಾರೆ ಅಂದ್ರೆ ಲೆಕ್ಕ ಬೇರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೇಲಿ ಯಾರು ಬೇಕಾದ್ರೂ ಸಂರಕ್ಷಣಾಧಿಕಾರಿಗೆ ತಿಳಿಸ್ಬಹುದು, ತಿಳಿಸ್ಲೇಬೇಕು ಅಂತಿಲ್ಲ. ಅವರನ್ನ ಕೇಳಿ, ಅವ್ರು ಹೂಂ ಅಂದ್ಮೇಲೆ ಹೆಜ್ಜೆ ಇಡಿ.

ಇನ್ನೊಂದು, ಯಾರಾದ್ರೂ "ಬದುಕಿ ಏನು ಪ್ರಯೋಜನ" ಅಂದಾಗ. ಪೊಲೀಸ್ ಕೇಸ್ ಆಗುತ್ತೆ ಅಂತ ತುಂಬಾ ಜನ ಬಾಯೇ ಬಿಡಲ್ಲ. ಆತ್ಮಹತ್ಯೆಗೆ ಯತ್ನಿಸೋದು ಅಪರಾಧ ಅನ್ನೋ ಹಳೇ ಐಪಿಸಿ 309 ಇತ್ತು ನಿಜ, 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಹಾಗೆ ಯತ್ನಿಸಿದೋರು ತೀವ್ರ ಒತ್ತಡದಲ್ಲಿದ್ರು ಅಂತಲೇ ಭಾವಿಸ್ಬೇಕು, ಶಿಕ್ಷೆ ಕೊಡಬಾರದು ಅಂತು, 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೇಲಿ ಆ ಹಳೇ ಸೆಕ್ಷನ್ನೇ ಇಲ್ಲ. ಹಾಗಾಗಿ ನೇರವಾಗಿ ಕೇಳಿ. ನಮ್ಮ ಜಿಲ್ಲೇಲಿ ಇನ್ನೊಂದು ಪ್ರಶ್ನೆ ಕೇಳ್ಲೇಬೇಕು, ಪುಸ್ತಕದಲ್ಲಿ ಸಿಗಲ್ಲ ಅದು: ಮನೇಲಿ ಕೋವಿ ಇದ್ಯಾ, ಬೀಗದ ಕೀ ಯಾರ ಹತ್ರ ಇದೆ? ಕೊಡವರಿಗೂ, ತಲತಲಾಂತರದಿಂದ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇರೋದ್ರಿಂದ ಎಷ್ಟೋ ಮನೇಲಿ ಕೋವಿ ಇರುತ್ತೆ, ಹೆಮ್ಮೆಯ ವಸ್ತು, ಪೂಜೆ ಮಾಡೋದು. ಕೆಲವು ವಾರ ನೆಂಟರ ಮನೇಲಿ ಬೀಗ ಹಾಕಿ ಇಡಿ ಅಂತ ಮನೆಯವ್ರಿಗೆ ಹೇಳೋದು ಗುಟ್ಟು ಮುರಿದ ಹಾಗಲ್ಲ, ಜೀವಕ್ಕೆ ಅಪಾಯ ಇದ್ರೆ 23ನೇ ಸೆಕ್ಷನ್ನೇ ಅಗತ್ಯ ಇರೋವಷ್ಟು ಹೇಳಕ್ಕೆ ಬಿಡುತ್ತೆ. ಅಗತ್ಯ ಇರೋವಷ್ಟು ಅಂದ್ರೆ ಅಷ್ಟೇ, ಗುಂಪಲ್ಲಿ ಹೇಳಿದ ಪೂರ್ತಿ ಕಥೆ ಅಲ್ಲ.

[ಸ್ಕ್ರೀನ್ ಮೇಲೆ: ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಮಕ್ಕಳಿಗೆ 1098. ತುರ್ತು 112]

ಬೇರೆಯವ್ರಿಗೆ ಹಾನಿ ಆಗೋ ಹಾಗಿದ್ರೂ ಇದೇ 23ನೇ ಸೆಕ್ಷನ್. ಅಮೆರಿಕದಲ್ಲಿ ಟರಾಸಾಫ್ ಕೇಸ್ ಅಂತ ಫೇಮಸ್, 1976ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಅಪಾಯದಲ್ಲಿರೋ ಮೂರನೆಯವ್ರನ್ನ ಕಾಪಾಡೋ ಹೊಣೆ ಥೆರಪಿಸ್ಟ್‌ಗೂ ಇದೆ ಅಂತ ಹೇಳ್ತು. ನಮ್ಮ ಕಾಯ್ದೆ ಹೇಳ್ಬಹುದು ಅಂತ ಬಾಗಿಲು ತೆರೆದಿಟ್ಟಿದೆ. ಹಾಗಂತ ಪಾಲಿನ ಜಗಳದಲ್ಲಿ "ಅವನನ್ನ ಬಿಡಲ್ಲ" ಅಂದ ಪ್ರತಿಯೊಬ್ರ ಮೇಲೂ ಸ್ಟೇಷನ್‌ಗೆ ಓಡಿದ್ರೆ ಜಿಲ್ಲೆ ಅರ್ಧ ಸ್ಟೇಷನ್‌ನಲ್ಲೇ ಇರುತ್ತೆ, ಸಿಟ್ಟಿನ ಮಾತು ಯಾವ್ದು, ಪ್ಲಾನ್ ಯಾವ್ದು ಅಂತ ಕೂತು ಕೇಳಿ ಅಳೀಬೇಕು, ನಿಮ್ಮ ಸೀನಿಯರ್ ಒಬ್ರ ಹತ್ರ ಅದೇ ದಿನ ಮಾತಾಡ್ಬೇಕು.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದಿದ್ದು ಯಾರೂ ಮರೆತಿಲ್ಲ. ಅಂಥ ಟೈಮಲ್ಲಿ ಪರಿಹಾರ ಕೇಂದ್ರಕ್ಕೆ ಹೋಗಿ ಎಲ್ರನ್ನೂ ವೃತ್ತದಲ್ಲಿ ಕೂರಿಸಿ "ಏನಾಯ್ತು ಹೇಳಿ, ಅತ್ತುಬಿಡಿ" ಅನ್ನೋದು ಸೇವೆ ಅನ್ಸುತ್ತೆ, ಆದ್ರೆ ಆಘಾತ ಆದ ತಕ್ಷಣ ಹೀಗೆ ಒಂದೇ ಸಲಕ್ಕೆ ಎಲ್ಲ ಹೇಳಿಸೋ ಡಿಬ್ರೀಫಿಂಗ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಊಟ, ಕಂಬಳಿ, ಮನೆಯವ್ರು ಎಲ್ಲಿದ್ದಾರೆ ಅನ್ನೋ ಸುದ್ದಿ, ಅದು ಮೊದ್ಲು. ಮಾತಾಡಕ್ಕೆ ಇಷ್ಟ ಇದ್ದೋರ ಮಾತು ಕೇಳಿ, ಇಲ್ದೋರನ್ನ ಕೆದಕ್ಬೇಡಿ.

ಕೊನೇದಾಗಿ ನೋಟ್ಸ್. ವಕೀಲರ ಜೊತೆ ಆಡಿದ ಮಾತಿಗೆ ಸಾಕ್ಷ್ಯ ಕಾನೂನಲ್ಲಿ ರಕ್ಷಣೆ ಇದೆ, ಕೌನ್ಸೆಲರ್‌ಗೆ ಆ ಥರದ್ದು ಇಲ್ಲ, ಕೋರ್ಟ್ ಕರೆದ್ರೆ ಹೋಗ್ಬೇಕು, ಆದೇಶ ಮಾಡಿದ್ರೆ ಫೈಲ್ ಕೊಡ್ಬೇಕು. ಅಷ್ಟೇ ಅಲ್ಲ, ಮಾನಸಿಕ ಆರೋಗ್ಯ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಚಿಕಿತ್ಸೆ ತಗೊಂಡೋರು ತಮ್ಮ ದಾಖಲೆ ಕೇಳ್ಬಹುದು. ಈಗ ನೀವು ಇಡೀ ಗುಂಪಿಗೆ ಒಂದೇ ಪುಸ್ತಕ ಇಟ್ಟು ಯಾರು ಏನಂದ್ರು ಅಂತ ಎಲ್ಲ ಬರೆದಿದ್ರೆ, ಒಬ್ರು ಕೇಳಿದಾಗ ಇನ್ನೇಳು ಜನದ್ದೂ ಹೊರಗೆ ಬರುತ್ತೆ. ಅದಕ್ಕೆ ಒಬ್ಬೊಬ್ರಿಗೆ ಒಂದೊಂದು ಫೈಲ್, ಅದರಲ್ಲಿ ಬೇರೆಯವ್ರ ಹೆಸರು ಬೇಡ, "ಗುಂಪಿನ ಇನ್ನೊಬ್ಬ ಸದಸ್ಯರು" ಅಂತ ಬರೀರಿ. ಫೋನಲ್ಲಿ ಟೈಪ್ ಮಾಡಿಟ್ರೂ ಲಾಕ್ ಇರ್ಲಿ, ಡಿಜಿಟಲ್ ಮಾಹಿತಿಗೂ ಕಾಯ್ದೆ ಅದೇ. ಮೊದಲ ದಿನ ಓದಿ ಹೇಳ್ಬೇಕಾದ ಒಪ್ಪಿಗೆ ಪತ್ರದ ಕನ್ನಡ ಮಾದರಿ ಡಿಸ್ಕ್ರಿಪ್ಷನ್‌ನಲ್ಲಿ ಹಾಕಿದೀನಿ, ನಿಮ್ಮ ಗುಂಪಿಗೆ ಹೊಂದೋ ಹಾಗೆ ತಿದ್ಕೊಳ್ಳಿ, ಅದನ್ನ ಎರವ ಭಾಷೆಗೆ ಮಾಡಿಕೊಡೋರು ಯಾರಾದ್ರೂ ಇದ್ರೆ ಕಾಮೆಂಟ್ ಮಾಡಿ.