ಎಷ್ಟು ಸಾಲು ಅಳಿಸಿತು?

ನಮಸ್ಕಾರ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಕಾಲೇಜು, ಸೊಸೈಟಿ, ಆಸ್ಪತ್ರೆಗಳಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಇವತ್ತಿನ ಮಾತು. ಸಿಡಿಲಿಗೆ ಸ್ವಿಚ್ ಸುಟ್ಟಿತು, ಲೈನ್ ಮೇಲೆ ಮರ ಬಿತ್ತು, ಹೊಸನಗರದ ಶಾಖೆಗೆ ಸಂಪರ್ಕ ಇಲ್ಲ. ಇದೆಲ್ಲ ಯಾರೋ ಫೋನ್ ಮಾಡಿ ಬೈಯುವ ಮೊದಲೇ ಗೊತ್ತಾಗಲಿ ಅಂತ ತಾನೇ ಜ್ಯಾಬಿಕ್ಸ್ ಅನ್ನುವ ನಿಗಾ ಸಾಫ್ಟ್‌ವೇರ್ ಹಾಕಿಕೊಂಡಿರುವುದು?

ಅದು ಪ್ರತಿ ಸಾಧನವನ್ನೂ ವಿಚಾರಿಸಿ, ಬಂದ ಉತ್ತರವನ್ನು ಡೇಟಾಬೇಸ್‌ನಲ್ಲಿ ಬರೆದಿಡುತ್ತದೆ. ಒಂದು ಸಂಗತಿಯನ್ನು ನಿಮಿಷಕ್ಕೊಮ್ಮೆ ಕೇಳಿದರೆ ದಿನಕ್ಕೆ 1,440 ಸಾಲು. ಸಾವಿರ ಸಂಗತಿ ಕೇಳಿದರೆ 14 ಲಕ್ಷ 40 ಸಾವಿರ. 90 ದಿನ ಇಟ್ಟುಕೊಂಡರೆ ಹತ್ತಿರ ಹತ್ತಿರ 13 ಕೋಟಿ. ಹಳೆಯದನ್ನು ಅಳಿಸಲೇಬೇಕು. ಆ ಕೆಲಸ ಜ್ಯಾಬಿಕ್ಸ್ ಒಳಗೇ ಇರುವ ಹೌಸ್‌ಕೀಪರ್‌ದು. ನೀವು ಏನೂ ಬದಲಿಸದಿದ್ದರೆ ಗಂಟೆಗೊಮ್ಮೆ ಓಡುತ್ತದೆ. ಮುಗಿದ ಮೇಲೆ ಲಾಗ್‌ನಲ್ಲಿ, ಅಂದರೆ ಸರ್ವರ್‌ನ ದಿನಚರಿ ಫೈಲಿನಲ್ಲಿ, ಬರೆಯುತ್ತದೆ: ಇಷ್ಟು ಅಳಿಸಿದೆ, ಇಷ್ಟು ಸೆಕೆಂಡು ಹಿಡಿಯಿತು.

ಎರಡು ಅಂಕಿ. ದಯವಿಟ್ಟು ಎರಡನ್ನೂ ಓದಿ. ನಾನು ಹೇಳಲು ಬಂದಿರುವುದು ಇಷ್ಟೇ.

ಘಟ್ಟದ ಅಂಚಿನ ಒಂದು ಸಂಸ್ಥೆ, ಹೆಸರು ಬೇಡ. ಅಲ್ಲೊಬ್ಬ ಚುರುಕಾದ ಹುಡುಗ. ಹಳೆಯ ಸರ್ವರ್‌ನಲ್ಲಿ ಮೈಸೀಕ್ವೆಲ್ ಡೇಟಾಬೇಸ್ ಇತ್ತು. ಹೌಸ್‌ಕೀಪರ್ ಶುರುವಾದರೆ ಡಿಸ್ಕ್ ಏದುಸಿರು ಬಿಡುತ್ತಿತ್ತು, ಗ್ರಾಫ್ ತೆರೆಯುತ್ತಿರಲಿಲ್ಲ. ಹೊಸ ಸರ್ವರ್ ತಂದು, ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸ್‌ಗೆ ಬದಲಾಯಿಸಿದ. ವಾರದೊಳಗೆ ಫೋನ್. "ಸಾರ್, ಮೊದಲು ಅರ್ಧ ಗಂಟೆ ಎಳೀತಿತ್ತು. ಈಗ ಒಂದು ಸೆಕೆಂಡೂ ಇಲ್ಲ!" ಹೊಸ ಡೇಟಾಬೇಸ್ ಸಾವಿರ ಪಟ್ಟು ವೇಗ ಅಂತ ಆಡಳಿತ ಮಂಡಳಿಗೆ ವರದಿಯೂ ಹೋಗಿಬಿಟ್ಟಿತ್ತು!

"ಲಾಗ್ ಓದಪ್ಪಾ" ಅಂದೆ. ಓದಿದ. ಅಳಿಸಿದ್ದು ಸೊನ್ನೆ.

ಸೊನ್ನೆಯೇ ಇರಬೇಕು ಬಿಡಿ. ಸೆಟ್ಟಿಂಗ್ ಮಾತ್ರ ತಂದು, ಹಳೆಯ ಹಿಸ್ಟರಿ, ಅಂದರೆ ಕೂಡಿಟ್ಟ ಉತ್ತರಗಳನ್ನು, ಅಲ್ಲೇ ಬಿಟ್ಟಿದ್ದ. 90 ದಿನ ಇಟ್ಟುಕೋ ಅಂತ ಹೇಳಿ, ವಾರ ತುಂಬದ ಡೇಟಾಬೇಸ್‌ನಲ್ಲಿ ಹಳೆಯದು ಎಲ್ಲಿಂದ ಬರಬೇಕು? ಮೂರು ತಿಂಗಳು ಕಳೆದ ಮೇಲೆ ಫೋನ್ ಮಾಡು ಅಂದೆ. ಅವನಿಗೆ ಬೇಜಾರಾಯಿತು ಅನ್ನಿಸುತ್ತೆ.

ಮಾಡಿದ. ಈ ಸಲ ದನಿ ಸಣ್ಣದಾಗಿತ್ತು. "ಕೆಟ್ಟೋಯ್ತು ಸಾರ್, ಕಾಲು ಗಂಟೆ ಹಿಡಿಯುತ್ತೆ." ಮತ್ತೆ ಅದೇ ಮಾತು ಹೇಳಿದೆ: ಎಷ್ಟು ಸಾಲು ಅಳಿಸಿತು? ಅದನ್ನು ಸೆಕೆಂಡಿನಿಂದ ಭಾಗಿಸು. ಪುಣ್ಯಕ್ಕೆ ಹಳೆಯ ಸರ್ವರ್ ಇನ್ನೂ ಮೂಲೆಯಲ್ಲಿತ್ತು, ಅದರ ಲಾಗ್ ಸಿಕ್ಕಿತು. ಎರಡೂ ಕಡೆ ಭಾಗಿಸಿ ನೋಡಿದರೆ ಹೊಸದು ಹಳೆಯದರ ಎರಡು ಪಟ್ಟು ವೇಗ. ಸಾವಿರ ಪಟ್ಟೂ ಅಲ್ಲ, ಕೆಟ್ಟೂ ಹೋಗಿರಲಿಲ್ಲ!

ನಮ್ಮಲ್ಲಿ ಅಡಿಕೆ ಸುಲಿದವರಿಗೆ ಎಷ್ಟು ಹೊತ್ತು ಕೂತಿರಿ ಅಂತ ಕೇಳಿ ದುಡ್ಡು ಕೊಡ್ತೀವಾ? ಎಷ್ಟು ಸುಲಿದಿರಿ ಅಂತ ಅಲ್ವಾ ಕೇಳೋದು? ಸರ್ವರ್ ವಿಷಯ ಬಂದರೆ ಮಾತ್ರ ಈ ಬುದ್ಧಿ ಎಲ್ಲಿಗೆ ಹೋಗುತ್ತೋ!

ಸ್ಟುಡಿಯೋ ಗಾಜಿನ ಆ ಕಡೆಯಿಂದ ಸಮಯವಾಯಿತು ಅಂತ ಕೈಸನ್ನೆ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಪೋಸ್ಟ್‌ಗ್ರೆಸ್‌ನಲ್ಲಿ ಅಳಿಸಿದ ಸಾಲು ಕೂಡಲೇ ಜಾಗ ಬಿಡುವುದಿಲ್ಲ. ವ್ಯಾಕ್ಯೂಮ್ ಅನ್ನುವ ಅದರದೇ ಸ್ವಚ್ಛತಾ ಕೆಲಸ ಬಂದು ಹೋದ ಮೇಲೆ ಆ ಜಾಗ ಹೊಸ ಸಾಲಿಗೆ ಸಿಗುತ್ತದೆ. ಆದ್ದರಿಂದ ವ್ಯಾಕ್ಯೂಮ್ ಓಡುವಾಗ ಡಿಸ್ಕ್ ಹೇಗಿದೆ ಅಂತಲೂ ನೋಡಿ. ಪೋಸ್ಟ್‌ಗ್ರೆಸ್‌ಗೆ ಟೈಮ್‌ಸ್ಕೇಲ್ ಅನ್ನುವ ಜೋಡಣೆ ಹಾಕಿಕೊಂಡರೆ ಸಾಲು ಸಾಲಾಗಿ ಅಳಿಸುವ ಬದಲು ಒಂದಿಡೀ ತುಂಡನ್ನೇ ಬಿಸಾಡಬಹುದು. ಆದರೆ ಹೌಸ್‌ಕೀಪಿಂಗ್ ಸೆಟ್ಟಿಂಗ್‌ನಲ್ಲಿ ಎಲ್ಲ ಐಟಂಗೂ, ಅಂದರೆ ಕೇಳುವ ಪ್ರತಿ ಸಂಗತಿಗೂ, ಒಂದೇ ಅವಧಿ ಅಂತ ಟಿಕ್ ಹಾಕಿರಬೇಕು. ಇದನ್ನು ಮರೆಯುವವರೇ ಜಾಸ್ತಿ. ಅಲ್ಲಿ ಸಾಲಿನ ಲೆಕ್ಕ ನಡೆಯುವುದಿಲ್ಲ. ಎಷ್ಟು ದಿನದ ಹಿಸ್ಟರಿ ಹೋಯಿತು, ಎಷ್ಟು ಜಾಗ ಖಾಲಿಯಾಯಿತು ಅಂತ ಬರೆದಿಟ್ಟುಕೊಳ್ಳಿ.

ಈ ತಿಂಗಳು ಯಾರಾದರೂ ಸರ್ವರ್ ಬದಲಾಯಿಸುವವರಿದ್ದರೆ, ಹಳೆಯದನ್ನು ಫಾರ್ಮ್ಯಾಟ್ ಮಾಡುವ ಮೊದಲು ಅದರ ಲಾಗ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ನಮಸ್ಕಾರ.